ಸತ್ಯಾಂಶ: ವಾಲಿದ ಹಿಂದಿನ ಚಕ್ರಕ್ಕೆ ಅಲೈನ್‌ಮೆಂಟ್ ಮದ್ದಲ್ಲ

“ಹಿಂದಿನ ಚಕ್ರದ ಮೇಲ್ಭಾಗ ಒಳಗೆ ವಾಲಿದೆಯಾ? ವೀಲ್ ಅಲೈನ್‌ಮೆಂಟ್ ಮಾಡಿಸಿ, ಗ್ರೀಸ್ ಹೊಡೆಸಿ, ಸಾಕು” ಅನ್ನೋ ಫಾರ್ವರ್ಡ್ ಓಡಾಡುತ್ತಿದೆ. ಪ್ಯೂಜೋ 205, 206, 306ರಂಥ ಕಾರುಗಳಿಗೆ ಈ ಮಾತು ತಪ್ಪು.

ಇವುಗಳ ಹಿಂದಿನ ಬೀಮ್‌ನಲ್ಲಿ (ಎರಡೂ ಹಿಂದಿನ ಚಕ್ರಗಳ ನಡುವಿನ ಅಡ್ಡ ತೊಲೆ) ಚಕ್ರದ ತೋಳು ಒಂದು ಶಾಫ್ಟ್ ಮೇಲೆ, ಸೂಜಿಯಂಥ ಸಣ್ಣ ರೋಲರ್‌ಗಳ ಬೇರಿಂಗ್‌ನಲ್ಲಿ ಆಡುತ್ತದೆ. ಸೀಲ್ ಹೋದರೆ ನೀರು ಇಳಿದು ರೋಲರ್ ತುಕ್ಕು ಹಿಡಿಯುತ್ತದೆ, ಆಮೇಲೆ ಶಾಫ್ಟನ್ನೇ ಕೊರೆಯುತ್ತದೆ. ಚಕ್ರ ವಾಲುವುದು ಆಗಲೇ. ಅದನ್ನು ಸರಿಮಾಡಲು ಅಲೈನ್‌ಮೆಂಟ್‌ನವರ ಕೈಗೆ ಇಲ್ಲಿ ತಿರುಗಿಸುವ ಬೋಲ್ಟೇ ಇಲ್ಲ! ಸವೆದ ಉಕ್ಕನ್ನು ಗ್ರೀಸ್ ತುಂಬಿಕೊಡುವುದೂ ಇಲ್ಲ, ಅಲ್ವಾ?

ಪರೀಕ್ಷೆ ಸುಲಭ. ಕಾರನ್ನು ಎತ್ತಿ, ಸ್ಟ್ಯಾಂಡ್ ಮೇಲೆ ಭದ್ರವಾಗಿ ಕೂರಿಸಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಚಕ್ರ ಮಾತ್ರ ಆಡಿದರೆ ಹಬ್ ಬೇರಿಂಗ್ (ಚಕ್ರ ತಿರುಗುವ ನಡುಭಾಗದ ಬೇರಿಂಗ್) ಮೇಲೆ ಅನುಮಾನ. ತೋಳೂ ಜತೆಗೆ ಆಡಿದರೆ ಬೀಮ್ ಬಿಚ್ಚಲೇಬೇಕು.

ಬಿಚ್ಚುವ ಮುಂಚೆ ಟಾರ್ಷನ್ ಬಾರ್‌ಗಳಿಗೆ (ತಿರುಚಿಕೊಂಡು ಸ್ಪ್ರಿಂಗ್‌ನ ಕೆಲಸ ಮಾಡುವ, ತುದಿಯಲ್ಲಿ ಹಲ್ಲುಗಳಿರುವ ಉಕ್ಕಿನ ಸರಳುಗಳು) ಗುರುತು ಹಾಕಿ. ಹಲ್ಲು ತಪ್ಪಿ ಕೂತರೆ ಕಾರಿನ ಎತ್ತರ ಬದಲಾಗುತ್ತದೆ. ತುಕ್ಕಿನಿಂದ ಕಚ್ಚಿಕೊಂಡ ಬಾರ್ ಎಳೆಯುವುದೇ ದೊಡ್ಡ ಕೆಲಸ. ಗುಳಿ ಬಿದ್ದ ಶಾಫ್ಟ್ ಉಳಿಸಿಕೊಂಡು ಸುಮ್ನೆ ಹೊಸ ಬೇರಿಂಗ್ ಹಾಕಿದರೆ ದುಡ್ಡು ದಂಡ. ಶಾಫ್ಟ್, ಬೇರಿಂಗ್, ಸೀಲ್ ಮೂರೂ ಒಟ್ಟಿಗೆ ಬದಲಾಗಲಿ. ಒಳಗೆ ಬೇರಿಂಗ್ ಕೂರುವ ಜಾಗವೇ ಸವೆದಿದ್ದರೆ ಆ ಭಾಗವನ್ನೇ ಬದಲಿಸಬೇಕಾಗುತ್ತದೆ.