ಬಣ್ಣ ಆಮೇಲೆ, ಮೊದಲು ಮಾಹಿತಿ ಸರಿಯಿರಲಿ

ಸಣ್ಣ ಉದ್ಯಮದವರು ಆಗಾಗ ವೆಬ್‌ಸೈಟ್‌ನ ವಿನ್ಯಾಸ ಬದಲಿಸುತ್ತಿರಬೇಕು ಅಂತ ಲೇಖನದಲ್ಲಿ ಹೇಳಿದ್ದೀರಿ. ನನಗೆ ಅದಕ್ಕಿಂತ ಒಳಗಿನ ಮಾಹಿತಿ ಮುಖ್ಯ ಅನಿಸುತ್ತದೆ.

ನಾನು ಬೆಳಗಾವಿಯಲ್ಲಿ ಪಂಪ್ ತಯಾರಿಸುವ ಕಂಪನಿಯೊಂದಕ್ಕೆ ಕಾಸ್ಟಿಂಗ್ (ಎರಕದ ಬಿಡಿಭಾಗ) ಖರೀದಿ ನೋಡಿಕೊಳ್ಳುತ್ತೇನೆ. ಇಲ್ಲಿನ ಕೈಗಾರಿಕಾ ಪ್ರದೇಶಗಳಾದ ಉದ್ಯಮಬಾಗ, ಮಚ್ಛೆ ಕಡೆಯ ಫೌಂಡ್ರಿಗಳ (ಎರಕ ಹೊಯ್ಯುವ ಕಾರ್ಖಾನೆಗಳ) ಸೈಟ್ ನೋಡುವುದು ದಿನದ ಕೆಲಸ. ಮೊದಲು ಹುಡುಕುವುದು ಗುಣಮಟ್ಟದ ವ್ಯವಸ್ಥೆಗೆ ಸಿಗುವ ಐಎಸ್‌ಒ 9001 ಪ್ರಮಾಣಪತ್ರ. ಅದಕ್ಕೆ 3 ವರ್ಷದ ಅವಧಿ. ಮೊನ್ನೆ ಒಂದು ಕಡೆ 2019ಕ್ಕೇ ಮುಗಿದ ಪತ್ರ ಇತ್ತು. ಫೋನ್ ಮಾಡಿದರೆ, ಹೊಸದು ಆಫೀಸಿನ ಗೋಡೆ ಮೇಲಿದೆ ಅಂದರು. ಪುಣೆಯಲ್ಲಿ ಕೂತ ಗಿರಾಕಿಗೆ ಆ ಗೋಡೆ ಹೇಗೆ ಕಾಣಬೇಕು? ಅವರು ಫೋನೂ ಮಾಡುವುದಿಲ್ಲ, ಸುಮ್ನೆ ಮುಂದಿನ ಸೈಟಿಗೆ ಹೋಗುತ್ತಾರೆ.

ಎಷ್ಟು ಕಿಲೋ ತನಕ ಎರಕ ಹೊಯ್ಯುತ್ತಾರೆ, ಗ್ರೇ ಐರನ್ (ಸಾಮಾನ್ಯ ಎರಕದ ಕಬ್ಬಿಣ) ಮಾತ್ರವಾ, ಅಷ್ಟು ಸುಲಭವಾಗಿ ಒಡೆಯದ ಎಸ್‌ಜಿ ಐರನ್ನೂ ಮಾಡುತ್ತಾರಾ, ಲೋಹದಲ್ಲಿ ಏನೇನು ಎಷ್ಟಿದೆ ಅಂತ ಅಳೆಯುವ ಸ್ಪೆಕ್ಟ್ರೋಮೀಟರ್ ಇದೆಯಾ? ನಮಗೆ ಬೇಕಾದದ್ದು ಇದು. ಸಾಲ ಮಾಡಿ ಹೊಸ ಫರ್ನೇಸ್ ಹಾಕಿಸಿದವರು ಅದರ ಒಂದು ಫೋಟೋ ಹಾಕಿರುವುದಿಲ್ಲ. ಬೇಜಾರಾಗುತ್ತದೆ, ಯಾಕಂದ್ರೆ ಇಲ್ಲಿಯವರ ಕೆಲಸ ನಿಜಕ್ಕೂ ಚೆನ್ನಾಗಿದೆ.

ಊರಿನ ಹೆಸರು ಅಧಿಕೃತವಾಗಿ ಬೆಳಗಾವಿ ಆದದ್ದು 2014ರ ನವೆಂಬರ್ 1ರಂದು. ವಿಳಾಸದಲ್ಲಿ ಇನ್ನೂ ಬೆಳಗಾಂ ಅಂತಿದ್ದರೆ, ಆ ಪುಟವನ್ನು ಅಷ್ಟು ವರ್ಷದಿಂದ ಯಾರೂ ಮುಟ್ಟಿಲ್ಲ ಅನ್ನಿಸುತ್ತದೆ ಅಲ್ವಾ?

ಫೌಂಡ್ರಿ ಮಾಲೀಕರೇ, ಇದನ್ನೆಲ್ಲ ಸರಿಯಾಗಿಡಲು ಜಾಸ್ತಿ ಖರ್ಚೇನೂ ಬೇಡ. ಲೆಕ್ಕ ನೋಡುವವರಿಗೇ ಸೈಟಿನ ಪಾಸ್‌ವರ್ಡ್ ಕೊಡಿ. ಜಿಎಸ್‌ಟಿ ರಿಟರ್ನ್ ತುಂಬುವ ದಿನವೇ ಫೋನ್ ನಂಬರ್, ಇಮೇಲ್, ಪ್ರಮಾಣಪತ್ರ ಒಮ್ಮೆ ನೋಡಲು ಹೇಳಿ. ಡೊಮೈನ್ (ಸೈಟಿನ ವಿಳಾಸ) ನವೀಕರಣದ ನೋಟಿಸ್ ಸೈಟ್ ಮಾಡಿಕೊಟ್ಟವರ ಇಮೇಲಿಗೆ ಹೋಗುತ್ತಿದ್ದರೆ, ಅದನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.