ಸತ್ಯಾಂಶ: ದುಬಾರಿ ತಂಡಕ್ಕೇ ಬೇಸ್‌ಬಾಲ್ ಪಟ್ಟವೇ?

ಅಮೆರಿಕದ ಬೇಸ್‌ಬಾಲ್ ಋತು ಮುಗಿಯುತ್ತಿದ್ದಂತೆ, ಆಟಗಾರರ ಸಂಬಳಕ್ಕೆ ಹೆಚ್ಚು ಸುರಿದ ತಂಡವೇ ಪಟ್ಟ ಗೆಲ್ಲುತ್ತದೆ, ಮ್ಯಾನೇಜರುಗಳ ಲೆಕ್ಕಾಚಾರವೆಲ್ಲ ತೋರಿಕೆಗೆ ಎಂಬ ಸಂದೇಶ ಮತ್ತೆ ಹರಿದಾಡುತ್ತದೆ. ಇದು ಸರಿಯಲ್ಲ. 2003ರ ವರ್ಲ್ಡ್ ಸೀರೀಸ್‌ನಲ್ಲಿ, ಅಂದರೆ ಪಟ್ಟ ನಿರ್ಧರಿಸುವ ಫೈನಲ್ ಸರಣಿಯಲ್ಲಿ, ಆ ವರ್ಷದ ಅತಿ ದುಬಾರಿ ತಂಡವು, ತನ್ನ ಸಂಬಳದ ಮೊತ್ತದ ಸುಮಾರು ಮೂರನೇ ಒಂದು ಭಾಗವಷ್ಟೇ ಖರ್ಚು ಮಾಡಿದ್ದ ತಂಡದೆದುರು ಸೋತಿತ್ತು. ಹಣದಿಂದ ಪ್ರಯೋಜನವಿಲ್ಲವೆಂದಲ್ಲ, 162 ಪಂದ್ಯಗಳ ದೀರ್ಘ ಲೀಗ್‌ನಲ್ಲಿ ಗಾಯಾಳುಗಳ ಜಾಗ ತುಂಬಲು ಅದು ನೆರವಾಗುತ್ತದೆ, ದುಬಾರಿ ತಂಡಗಳೇ ಗೆದ್ದ ವರ್ಷಗಳೂ ಇವೆ, ಹಾಗಾಗಿ ಸಂದೇಶವನ್ನು ನಂಬುವುದು ಸಹಜವೇ. ಆದರೆ ನಾಲ್ಕು ಗೆಲುವಿಗೇ ತೀರ್ಮಾನವಾಗುವ ಫೈನಲ್‌ನಲ್ಲಿ ಒಬ್ಬಿಬ್ಬರು ಪಿಚರ್‌ಗಳ (ಚೆಂಡೆಸೆಯುವವರ) ಲಯವೇ ಫಲಿತಾಂಶವನ್ನು ತಿರುಗಿಸಬಲ್ಲದು. ಪರೀಕ್ಷಿಸಬಯಸುವವರು ಹಿಂದಿನ ಹತ್ತಿಪ್ಪತ್ತು ವರ್ಷಗಳ ಸಂಬಳದ ಪಟ್ಟಿಯನ್ನೂ ವಿಜೇತರ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು. ಋತುವಿನ ಆರಂಭದ ಮೊತ್ತಕ್ಕೂ ಕೊನೆಯ ಮೊತ್ತಕ್ಕೂ ವ್ಯತ್ಯಾಸವಿರುವುದರಿಂದ ಎಲ್ಲ ವರ್ಷಗಳಿಗೂ ಒಂದೇ ಬಗೆಯ ಅಂಕಿಯನ್ನು ಬಳಸಬೇಕು.