ಬಿಸಿ ಬಿಸಿ ರೆಕಾರ್ಡು

ಮಗಳ ಮದುವೆಯಾಯಿತು, ಮೊಮ್ಮಗಳ ನಾಮಕರಣವೂ ಮುಗಿಯಿತು. ಮದುವೆಯ ಆಲ್ಬಂ ಮಾತ್ರ ಇನ್ನೂ ಬಂದಿಲ್ಲ. ಫೋಟೊ ತೆಗೆದವನಿಗೆ ಫೋನ್ ಮಾಡಿದರೆ, "ಡಿಸೈನಿಂಗ್ ನಡೀತಿದೆ ಸಾರ್, ಕ್ವಾಲಿಟಿ ಬೇಕಂದ್ರೆ ಟೈಮ್ ಬೇಕು" ಅನ್ನುತ್ತಾನೆ. ಆಗೆಲ್ಲ ನನಗೆ ಜಮೈಕಾದ ಹಾಡುಗಾರ ಟೂಟ್ಸ್ ಹಿಬರ್ಟ್ ನೆನಪಾಗುತ್ತಾನೆ.

ಜಮೈಕಾದ ರೆಗ್ಗೀ ಸಂಗೀತ ಅಂದ ಕೂಡಲೇ ಬಾಬ್ ಮಾರ್ಲಿ ಅನ್ನುವವರು ಸ್ವಲ್ಪ ತಡೆದುಕೊಳ್ಳಿ. ಮಾರ್ಲಿಯ ಮುಖ ಗೋಕರ್ಣದ ಟೀಶರ್ಟ್ ಅಂಗಡಿಗಳಲ್ಲೇ ಬೇಕಾದಷ್ಟು ಸಿಗುತ್ತದೆ. ಆ ಸಂಗೀತಕ್ಕೆ ಹೆಸರು ಅಂಟಿಸಿದ್ದು 1968ರ ಒಂದು ಹಾಡು. ಹಾಡಿದ್ದು ಟೂಟ್ಸ್ ಮತ್ತು ಅವನ ಮೇಟಲ್ಸ್ ತಂಡ.

ಇರಲಿ, ನಾನು ಹೇಳಹೊರಟದ್ದು 1980ರ ಸೆಪ್ಟೆಂಬರ್ 29ರ ರಾತ್ರಿಯ ಕತೆ. ಲಂಡನ್ನಿನ ಹ್ಯಾಮರ್‌ಸ್ಮಿತ್ ಪಾಲೆ ಎಂಬ ಸಭಾಂಗಣದಲ್ಲಿ ಟೂಟ್ಸ್ ಹಾಡಿದ. ಹಾಡಿದ್ದನ್ನು ಟೇಪಿಗೆ ಇಳಿಸಿದರು. ಜನ ಮನೆಗೆ ಹೋಗಿ ಮಲಗಿದ್ದಾಗ ಇತ್ತ ದನಿಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್. ಆಮೇಲೆ ತಟ್ಟೆಗೆ ಗೀರು ಕೊರೆಯಬೇಕು, ಅದಕ್ಕೆ ಲೋಹ ಲೇಪಿಸಿ ಅಚ್ಚು ಎತ್ತಬೇಕು, ಅಚ್ಚಿನಲ್ಲಿ ವಿನೈಲ್ ಒತ್ತಬೇಕು, ಕವರಿಗೆ ತುಂಬಬೇಕು. ವಾರಗಟ್ಟಲೆ ಹಿಡಿಯುವ ಕೆಲಸ. ಇಪ್ಪತ್ನಾಲ್ಕು ಗಂಟೆಯೊಳಗೆ ರೆಕಾರ್ಡು ಮಾರಾಟಕ್ಕೆ ಬಂದಿತ್ತು! ಮರುದಿನ ತಂಡದ ಹಾಡಿನ ಕಾರ್ಯಕ್ರಮ ಕವೆಂಟ್ರಿ ಎಂಬ ಊರಲ್ಲಿ. ಹಿಂದಿನ ರಾತ್ರಿಯ ಹಾಡು ಅಲ್ಲಿಗೆ ಡಬ್ಬಗಳಲ್ಲಿ ಬಂದು ಕೂತಿತ್ತು. ಎಲ್ಲಕ್ಕೂ ಕಂಪ್ಯೂಟರ್ ಇಲ್ಲದ ಕಾಲ, ಸ್ವಾಮಿ. ಕ್ವಾಲಿಟಿ ಕೆಟ್ಟಿತೇ ಅಂತೀರಾ? ತನ್ನ ಜೈಲುವಾಸದ ಬಗ್ಗೆ ಅವನು ಕಟ್ಟಿದ '54-46' ಹಾಡನ್ನು ಅದರಲ್ಲಿ ಕೇಳಿ. ಅವನು ಒಂದು ಅಂದರೆ ಬ್ಯಾಂಡು ಒಂದೇ ಪೆಟ್ಟು ಕೊಡುತ್ತದೆ, ಎರಡು ಅಂದರೆ ಎರಡು. ಒಂದು ಕೂದಲೆಳೆಯಷ್ಟೂ ಆಚೀಚೆ ಇಲ್ಲ. 

ಆ ಜೈಲಿನ ಕತೆಯೂ ಚೆನ್ನಾಗಿದೆ. ಮೇ ಪೆನ್ ಎಂಬ ಊರಲ್ಲಿ ಹುಟ್ಟಿ, ಚರ್ಚಿನಲ್ಲಿ ಹಾಡಿ ಬೆಳೆದ ಹುಡುಗ, ಕಿಂಗ್‌ಸ್ಟನ್‌ಗೆ ಬಂದು ಕ್ಷೌರ ಮಾಡುತ್ತಿದ್ದ. 1966ರಲ್ಲಿ ದೇಶದ ಹಾಡಿನ ಸ್ಪರ್ಧೆ ಗೆದ್ದ. ಅದೇ ವರ್ಷ ಗಾಂಜಾ ಕೇಸಿನಲ್ಲಿ ಒಳಗೆ ಹೋದ. ಹೊರಗೆ ಬಂದವನು ಕೂತು ಅಳಲಿಲ್ಲ, ಹಾಡು ಕಟ್ಟಿದ.

ಆದರೆ ಅವನ ಒಂದು ಕೆಲಸ ಮಾತ್ರ ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. 2013ರಲ್ಲಿ ಅಮೆರಿಕದ ರಿಚ್ಮಂಡ್‌ನಲ್ಲಿ ಹಾಡುತ್ತಿದ್ದಾಗ ಹತ್ತೊಂಬತ್ತರ ಒಬ್ಬ ಹುಡುಗ ವೋಡ್ಕಾ ಬಾಟಲಿ ಎಸೆದ. ಅದು ನೇರ ಟೂಟ್ಸ್ ತಲೆಗೆ ಬಿತ್ತು. ಮೂರು ವರ್ಷ ವೇದಿಕೆಯೇ ಬಿಟ್ಟುಹೋಯಿತು. ಅಂಥವನಿಗೆ ಜೈಲು ಬೇಡ, ಪಾಪ ಚಿಕ್ಕ ಹುಡುಗ ಅಂತ ಟೂಟ್ಸ್ ಜಡ್ಜಿಗೆ ಕಾಗದ ಬರೆದ! ಜಡ್ಜ್ ಆರು ತಿಂಗಳು ಹಾಕಿದರು, ಅದು ಬೇರೆ ಮಾತು. ನಾನಾಗಿದ್ದರೆ ಕಾಗದ ಬರೆಯುತ್ತಿದ್ದೆ, ಆರು ಸಾಲದು ಅಂತ. ದೊಡ್ಡವರು ಹೀಗೆ ಕ್ಷಮಿಸುತ್ತಾ ಹೋದರೆ ನಮ್ಮಂಥವರ ಸಿಟ್ಟಿಗೆ ಬೆಲೆಯೇ ಇರಲ್ಲ, ಅಲ್ವಾ?

2016ರಲ್ಲಿ ಮತ್ತೆ ವೇದಿಕೆ ಹತ್ತಿದ. 2020ರ ಆಗಸ್ಟ್ ಕೊನೆಗೆ ಹೊಸ ಆಲ್ಬಂ ಬಂತು. ಎರಡೇ ವಾರಕ್ಕೆ, ಸೆಪ್ಟೆಂಬರ್ 11ರಂದು, ತೀರಿಕೊಂಡ. ಮರುವರ್ಷ ಆ ಆಲ್ಬಂಗೆ ಗ್ರ್ಯಾಮಿ ಸಂಗೀತ ಪ್ರಶಸ್ತಿ ಕೊಟ್ಟರು. ಮೊದಲನೆಯದು ಸಿಕ್ಕಿದ್ದು 2005ರಲ್ಲಿ, ಆಗಲೇ ಅರವತ್ತು ದಾಟಿತ್ತು. ಕಣ್ಣೆದುರು ಕುಣಿದು ಹಾಡುತ್ತಿದ್ದಾಗ ಇನ್ನೂ ಒಂದೆರಡು ಕೊಟ್ಟಿದ್ದರೆ ಅವರಪ್ಪನ ಗಂಟೇನು ಹೋಗುತ್ತಿತ್ತು?